ಮೂವತ್ತು ಜೀವಗಳ ಲೆಕ್ಕ

ನಮ್ಮ ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. 1997ರ ತನಕ ಅದು ಧಾರವಾಡ ಜಿಲ್ಲೆಯ ಒಂದು ತಾಲೂಕು ಸ್ಥಳ. ವಾರದ ಸಂತೆ, ಏಲಕ್ಕಿ ಹಾರ, ಪುಣೆ-ಬೆಂಗಳೂರು ರಸ್ತೆಯ ಮೇಲೆ ಹಗಲೂ ರಾತ್ರಿ ಓಡುವ ಲಾರಿಗಳು: ಇಷ್ಟು ಹೇಳಿದರೆ ಊರಿನ ವರ್ಣನೆ ಮುಗಿಯುತ್ತಿತ್ತು. 1993ರ ಬೇಸಿಗೆ ರಜೆಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಒಂದು ಖೋಲಿಯ ಬಾಗಿಲಿಗೆ ಹಸಿರು ಪರದೆ ಬಿತ್ತು. ಮೊದಲು ಅಲ್ಲಿ ಸಿನಿಮಾ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಮನೆಮನೆಗೆ ಕೇಬಲ್ ಬರತೊಡಗಿ ಆ ದಂಧೆ ಸೊರಗಿದ ಮೇಲೆ ಮಾಲೀಕರು ಕ್ಯಾಸೆಟ್ಟುಗಳನ್ನೆಲ್ಲ ಮಾರಿ, ಎರಡು ಟೀವಿಗಳನ್ನು ಇಟ್ಟು, ಹೊರಗೊಂದು ರಟ್ಟಿನ ಮೇಲೆ ‘ವಿಡಿಯೋ ಗೇಮ್’ ಎಂದು ಬರೆಸಿ ತೂಗುಹಾಕಿದರು.

ಆ ಖೋಲಿಗೆ ಹೊಂದಿಕೊಂಡೇ ಹಿಟ್ಟಿನ ಗಿರಣಿ ಇತ್ತು. ಗಿರಣಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದೆ ಅದಕ್ಕೊಂದು ಪಾತ್ರವಿದೆ. ಅವ್ವ ಜೋಳದ ಚೀಲ ಹೊರಿಸಿ ಕಳಿಸಿದ್ದಳು. ನನ್ನ ಪಾಳಿ ಬರಲು ಇನ್ನೂ ಹೊತ್ತಿತ್ತು. ಗಿರಣಿಯ ಗುಡುಗಿನ ನಡುವೆ ಗೋಡೆಯಾಚೆಯಿಂದ ಒಂದು ಸಣ್ಣ ಸದ್ದು, ಕಂಚಿನ ಬಟ್ಟಲಿಗೆ ಹುಣಸೆ ಬೀಜ ಉದುರಿದ ಹಾಗೆ, ಬಿಟ್ಟು ಬಿಟ್ಟು ಕೇಳುತ್ತಿತ್ತು. ಚೀಲವನ್ನು ಸಾಲಿನಲ್ಲಿಟ್ಟು ಹೋಗಿ ಪರದೆ ಸರಿಸಿದೆ.

ಒಳಗೆ ಒಬ್ಬ ಹುಡುಗ ಮೊಣಕಾಲು ಮಡಚಿ ಚಾಪೆಯ ಮೇಲೆ ಕೂತಿದ್ದ. ಟೀವಿಯೊಳಗೆ ಟೋಪಿ ಹಾಕಿದ ಒಬ್ಬ ಗಿಡ್ಡ ಮನುಷ್ಯ ಓಡುತ್ತಿದ್ದ. ಹುಡುಗನ ಹೆಬ್ಬೆರಳು ಒತ್ತಿದರೆ ಅವನು ಜಿಗಿಯುತ್ತಿದ್ದ, ಬಿಟ್ಟರೆ ಇಳಿಯುತ್ತಿದ್ದ. ಇದರಲ್ಲೇನು ವಿಶೇಷ ಎಂದು ಇಂದಿನವರು ಕೇಳಬಹುದು. ಟೀವಿ ಎಂಬುದು ನಮಗೆ ಅಲ್ಲಿಯವರೆಗೆ ನೋಡುವ ವಸ್ತುವಾಗಿತ್ತು. 1987ರಲ್ಲಿ ರಾಮಾಯಣ ಬರುವಾಗ ನಮ್ಮ ಓಣಿಯಲ್ಲಿ ಟೀವಿಗೆ ಕುಂಕುಮ ಹಚ್ಚಿದ್ದನ್ನು ನಾನೇ ಕಂಡಿದ್ದೆ. ಅದು ಹೇಳುತ್ತಿತ್ತು, ನಾವು ಕೇಳುತ್ತಿದ್ದೆವು. ದಿಲ್ಲಿಯಲ್ಲಿ ಯಾರೋ ನಿಶ್ಚಯ ಮಾಡಿದ್ದನ್ನು ಹಾವೇರಿಯಲ್ಲಿ ನಾವು ನೋಡುತ್ತಿದ್ದೆವು. ಆ ಟೀವಿ ಈಗ ಹವಾಯಿ ಚಪ್ಪಲಿಯ ಒಬ್ಬ ಪೋರನ ಮಾತು ಕೇಳುತ್ತಿತ್ತು! ನಾನು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಗಿರಣಿಯವರು ನನ್ನ ಚೀಲವನ್ನು ಸಾಲಿನ ಕೊನೆಗೆ ತಳ್ಳಿದ್ದರು.

ಚಾಪೆಯ ಮೇಲೆ ಕೂತಿದ್ದ ಆ ಹುಡುಗ ಗಿರಾಕಿಯಲ್ಲ, ಖೋಲಿ ನೋಡಿಕೊಳ್ಳುವವನು. ನನ್ನದೇ ವಯಸ್ಸು. ಅವನ ಅಪ್ಪ ಗಾಂಧಿ ಟೋಪಿ ಹಾಕುತ್ತಿದ್ದ ಒಬ್ಬ ದರ್ಜಿ. ಏಳನೆಯ ಇಯತ್ತೆಗೆ ಸಾಲಿ ಬಿಡಿಸಿ ಅವನನ್ನು ಇಲ್ಲಿ ಕೂಡ್ರಿಸಿದ್ದರು. ನಾನು ಎಂಟನೆಯ ಇಯತ್ತೆಗೆ ಹೋಗುವವನಿದ್ದೆ. ಅವನ ಬಳಿ ಒಂದು ಅಲಾರಾಂ ಗಡಿಯಾರ, ಒಂದು ನೋಟುಬುಕ್ಕು, ದಾರ ಕಟ್ಟಿದ ಒಂದು ಪೆನ್ಸಿಲು. ಬಣ್ಣದ ಟೀವಿಯಲ್ಲಿ ಹತ್ತು ನಿಮಿಷಕ್ಕೆ ಒಂದು ರೂಪಾಯಿ. ಕಪ್ಪು ಬಿಳುಪಿನ ಟೀವಿಯಲ್ಲಿ ಎಂಟಾಣೆ. ನಾನು ಎಂಟಾಣೆಯವನಾದ್ದರಿಂದ ಮಾರಿಯೊನ ಆಕಾಶ ನೀಲಿ ಎಂಬುದು ನನಗೆ ಬಹಳ ದಿನ ಗೊತ್ತಿರಲಿಲ್ಲ.

ಆದರೆ ಆ ಬಡ ಟೀವಿ ನನಗೊಂದು ಗುಟ್ಟನ್ನು ತೋರಿಸಿಕೊಟ್ಟಿತು. ಮೂರು ನಾಲ್ಕು ದಿನ ಆಡಿದ ಮೇಲೆ ನಾನು ಆ ಹುಡುಗನಿಗೆ ಕೇಳಿದೆ: “ಈ ಗಿಡದ ಪೊದೆ ಆಕಾಶದಾಗ ಯಾಕ ಐತಿ?” ಅವನು ನಕ್ಕು, “ಅದು ಮೋಡಲೇ” ಅಂದ. ಆಮೇಲೆ ತಾನೂ ಟೀವಿಯ ಹತ್ತಿರ ಹೋಗಿ ನೋಡಿ, “ಹೌದಲ್ಲೋ, ಎರಡೂ ಒಂದ ಐತಿ” ಎಂದ. ಎಷ್ಟೋ ವರ್ಷಗಳ ನಂತರ ಓದಿ ತಿಳಿದದ್ದು ಇದು: 1985ರಲ್ಲಿ ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಮೊದಲಾದವರು ಈ ಆಟವನ್ನು ಕಟ್ಟುವಾಗ ಅವರಿಗಿದ್ದ ಜಾಗ ಕೇವಲ 40 ಕಿಲೋಬೈಟು. ನೀವು ಓದುತ್ತಿರುವ ಈ ಪ್ರಬಂಧವನ್ನು ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳಲ್ಲಿ ಉಳಿಸಿದರೆ ಹೆಚ್ಚು ಕಡಿಮೆ ಅಷ್ಟೇ ಜಾಗ ಬೇಕಾದೀತು. ಅಷ್ಟರಲ್ಲಿ ಒಂದು ಲೋಕ, ಅದರ ಸಂಗೀತ, ಅದರ ನಿಯಮಗಳು ಎಲ್ಲ ಹಿಡಿಸಬೇಕು. ಹಾಗಾಗಿ ಒಂದೇ ಚಿತ್ರಕ್ಕೆ ಬಿಳಿ ಬಣ್ಣ ಕೊಟ್ಟು ಮೇಲಿಟ್ಟರೆ ಮೋಡ, ಹಸಿರು ಕೊಟ್ಟು ಕೆಳಗಿಟ್ಟರೆ ಪೊದೆ. ಅವನ ಮೀಸೆಯೂ ಇಂಥ ಬಡತನದಿಂದಲೇ ಹುಟ್ಟಿದ್ದು. ಅವನು ಮೊದಲು ಹುಟ್ಟಿದ ಕಾಲದಲ್ಲಿ ಕೆಲವೇ ಚುಕ್ಕಿಗಳಲ್ಲಿ ಬಾಯಿ ಬರೆಯಲಾಗದೆ ಮೀಸೆ ಹಚ್ಚಿದರು, ಕೂದಲು ಬರೆಯಲಾಗದೆ ಟೋಪಿ ಹಾಕಿದರು. ಅರಿವೆ ಕಡಿಮೆ ಬಿದ್ದಾಗ ಎರಡು ತುಂಡು ಜೋಡಿಸಿ ಅದನ್ನೇ ನಮೂನೆ ಎಂದು ತೋರಿಸುತ್ತಿದ್ದ ನನ್ನ ಗೆಳೆಯನ ಅಪ್ಪನಿಗೆ ಇದನ್ನು ಹೇಳಿದ್ದರೆ ಕೂಡಲೇ ತಿಳಿಯುತ್ತಿತ್ತು.

ಗೆಳೆಯ ಅಂದೆ. ಅವನು ಗೆಳೆಯನಾದದ್ದು ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ. ಆ ಯಂತ್ರದ ವಿಷಯ ಅವನಿಗೆ ತಿಳಿಯದ್ದೇ ಇರಲಿಲ್ಲ ಎಂದು ನಾನು ನಂಬಿದ್ದೆ. ಕ್ಯಾಸೆಟ್ಟು ಹಿಡಿಯದಿದ್ದರೆ ತೆಗೆದು, ಬಾಯಿಂದ ಉಫ್ ಎಂದು ಊದಿ, ಮತ್ತೆ ಸಿಕ್ಕಿಸುತ್ತಿದ್ದ. ಮಂತ್ರಿಸಿದ ಹಾಗೆ ಅದು ಹೊತ್ತಿಕೊಳ್ಳುತ್ತಿತ್ತು. ಊದುವುದರಿಂದ ಪ್ರಯೋಜನವಿಲ್ಲ, ಉಗುಳಿನ ತೇವದಿಂದ ತಗಡು ಕೆಡುತ್ತದೆ, ತೆಗೆದು ಮತ್ತೆ ಸಿಕ್ಕಿಸಿದ್ದರಿಂದಲೇ ಅದು ಕೂಡಿಕೊಳ್ಳುತ್ತಿತ್ತು ಎಂದು ಈಗ ಗೊತ್ತಾಗಿದೆ. ಆದರೆ ಸೋಜಿಗ ನೋಡಿ, ಅಮೆರಿಕದ ಮಕ್ಕಳೂ ಊದುತ್ತಿದ್ದರಂತೆ. ಒಬ್ಬರಿಗೊಬ್ಬರು ಹೇಳಿಕೊಡದೆಯೇ ಭೂಮಂಡಲದ ಮಕ್ಕಳೆಲ್ಲ ಒಂದೇ ತಪ್ಪನ್ನು ಮಾಡುತ್ತಿದ್ದರು.

ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ನಾವು ಪಟ್ಟಿಯನ್ನು ಒಂದೊಂದೇ ಸರಿಸುತ್ತ ಹೋದೆವು. ಹೊಸ ಹೆಸರುಗಳು ಬರುತ್ತಿದ್ದವು, ಆಟ ಮಾತ್ರ ಅವವೇ ಹತ್ತಿಪ್ಪತ್ತು. ಒಮ್ಮೆ ಕೆಟ್ಟುಹೋದ ಕ್ಯಾಸೆಟ್ಟನ್ನು ಬಿಚ್ಚಿ ನೋಡಿದಾಗ ಒಳಗೆ ಬಹುಪಾಲು ಖಾಲಿ. ಸಣ್ಣ ಹಸಿರು ಹಲಗೆಯ ನಡುವೆ ಡಾಂಬರಿನ ಹನಿಯಂಥ ಒಂದು ಕಪ್ಪು ಬೊಟ್ಟು. “ಎಲ್ಲಾ ಇದರಾಗ ಐತಿ” ಎಂದು ಅವನು ಅದನ್ನು ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದ.

ಆ ಪೆಟ್ಟಿಗೆ ನಕಲಿ ಎಂಬುದು ನಮಗೆ ಗೊತ್ತಿರಲಿಲ್ಲ. ಅಸಲು ಹುಟ್ಟಿದ್ದು ಜಪಾನಿನಲ್ಲಿ, 1983ರ ಜುಲೈ 15ರಂದು. ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂದು ಅದರ ಹೆಸರು, 14,800 ಯೆನ್ ಅದರ ಬೆಲೆ. ಅದೇ ವರ್ಷ ಅಮೆರಿಕದಲ್ಲಿ ವಿಡಿಯೋ ಗೇಮಿನ ಪೇಟೆ ನೆಲಕಚ್ಚಿತ್ತು. ಮಾರಾಟವಾಗದ ಅಟಾರಿಯ ಕ್ಯಾಸೆಟ್ಟುಗಳನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೊದ ಅಲಮಗೋರ್ಡೊದಲ್ಲಿ ಕಸದ ಗುಂಡಿಗೆ ಹಾಕಿ ಹೂತರು. 2014ರಲ್ಲಿ ಅವನ್ನು ಅಗೆದು ತೆಗೆದದ್ದೂ ಆಯಿತು. ಒಂದು ಕಡೆ ಹೂಳುತ್ತಿದ್ದಾಗ ಇನ್ನೊಂದು ಕಡೆ ಬಿತ್ತುತ್ತಿದ್ದರು. ಫ್ಯಾಮಿಕಾಮಿನ ಚಿಪ್ಪುಗಳನ್ನು ತೈವಾನಿನಲ್ಲಿ ನಕಲು ಮಾಡಿದರು. ಆ ನಕಲುಗಳು ನೂರಾರು ಹೆಸರುಗಳಲ್ಲಿ, ಅಸಲು ಹೋಗದ ಊರುಗಳಿಗೆಲ್ಲ ಹೋದವು. ನಮ್ಮ ದೇಶದ ಪೇಟೆಯಲ್ಲಿ ಸಮುರಾಯ್, ಮೀಡಿಯಾ ಎಂಬ ಹೆಸರುಗಳು ಕೇಳಿಬರುತ್ತಿದ್ದವು. ನಮ್ಮ ಖೋಲಿಯ ಪೆಟ್ಟಿಗೆಯ ಮೇಲಿನ ಹೆಸರು ಬೆವರಿನ ಕೈಗಳಿಂದ ಅಳಿಸಿಹೋಗಿತ್ತು.

ಅಪ್ಪನಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಅವರು ಪ್ರಾಥಮಿಕ ಶಾಲೆಯ ಮಾಸ್ತರರು. ಊರಿನ ಅರ್ಧ ಮಕ್ಕಳು ಅವರ ಗೂಢಚಾರರು. “ಇದೂ ಒಂದು ನಮೂನಿ ಇಸ್ಪೀಟ ಐತಿ, ತಿಳಕೊ” ಎಂದರು. ನನಗೆ ಸಿಟ್ಟು ಬಂದಿತ್ತು. ಎಲೆ ತಟ್ಟುವ ಆಟವೆಲ್ಲಿ, ಈ ಮಾಯೆಯೆಲ್ಲಿ! ಮುಂದೆ ಓದುವಾಗ ಒಂದು ಪುಟದಲ್ಲಿ ನಾನು ತಡೆದು ನಿಂತೆ. ನಿಂಟೆಂಡೊ ಶುರುವಾದದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ, ಇಸ್ಪೀಟಿನ ಎಲೆಗಳನ್ನು ಮಾಡುವ ಅಂಗಡಿಯಾಗಿ. ಹೂಗಳ ಚಿತ್ರವಿರುವ ಹನಾಫುದಾ ಎಂಬ ಎಲೆಗಳು. ಅಪ್ಪನಿಗೆ ಇದು ಗೊತ್ತಿರಲಿಲ್ಲ. ಆದರೂ ಅವರ ಮಾತು ಅಕ್ಷರಶಃ ಸರಿಯಾಗಿತ್ತು. ಹೇಳಬೇಕೆನ್ನುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಗಣೇಶ ಚೌತಿಯ ಹೊತ್ತಿಗೆ ಖೋಲಿಗೆ ‘ಕಾಂಟ್ರಾ’ ಬಂತು. ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ನಾಣ್ಯ ಹಾಕುವ ಯಂತ್ರಕ್ಕೂ 1988ರಲ್ಲಿ ಮನೆಯ ಪೆಟ್ಟಿಗೆಗೂ ಮಾಡಿದ ಆಟ ಅದು. ಇಬ್ಬರು ಸೈನಿಕರು, ಇಬ್ಬರೂ ಒಟ್ಟಿಗೆ ಆಡಬಹುದು. ಒಬ್ಬೊಬ್ಬರಿಗೆ ಮೂರು ಜೀವ. ಒಂದು ಗುಂಡು ತಾಗಿದರೆ ಒಂದು ಜೀವ ಹೋಯಿತು. ಎಂಟಾಣೆಯ ಹತ್ತು ನಿಮಿಷದಲ್ಲಿ ನನ್ನ ಮೂರು ಜೀವಗಳು ಎರಡೇ ನಿಮಿಷಕ್ಕೆ ಮುಗಿಯುತ್ತಿದ್ದವು. ಮತ್ತೆ ಮೊದಲಿನಿಂದ ಅದೇ ಕಾಡು, ಅದೇ ಸೇತುವೆ.

ಒಂದು ಮಧ್ಯಾಹ್ನ ಅವನು ಬಾಗಿಲ ಪರದೆಯನ್ನು ಪೂರ್ತಿ ಎಳೆದು, “ಯಾರಿಗೂ ಹೇಳಬ್ಯಾಡ” ಎಂದು ನನ್ನ ಬೆರಳುಗಳನ್ನು ಹಿಡಿದು ಕಲಿಸಿದ. ಆಟದ ಹೆಸರು ಪರದೆಯ ಮೇಲೆ ಬಂದಾಗ ಹೀಗೆ ಒತ್ತಬೇಕು: “ಮ್ಯಾಲ ಮ್ಯಾಲ, ಕೆಳಗ ಕೆಳಗ, ಎಡಕ ಬಲಕ, ಎಡಕ ಬಲಕ. ಆಮ್ಯಾಲ ಬಿ.ಎ. ಆಗಬೇಕು. ಬಿ.ಎ. ಆದಮ್ಯಾಲ ಸೆಲೆಕ್ಟ್ ಆಗಬೇಕು. ಸೆಲೆಕ್ಟ್ ಆದರ ಸ್ಟಾರ್ಟ್!” ಬಿ, ಎ, ಸೆಲೆಕ್ಟ್, ಸ್ಟಾರ್ಟ್ ಎಂಬುವು ಅಲ್ಲಿನ ಗುಂಡಿಗಳ ಹೆಸರು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ಅದನ್ನು ಪದದ ಹಾಗೆ ಹಾಡಿ ಹೇಳುತ್ತಿದ್ದ, ಹೇಳಿ ತಾನೇ ನಗುತ್ತಿದ್ದ. ಮೂರಿದ್ದ ಜೀವ ಮೂವತ್ತಾದವು.

ಆ ಸೂತ್ರದ ಹುಟ್ಟು ಹೀಗೆ. ಕೊನಾಮಿಯಲ್ಲಿ ಕಝುಹಿಸಾ ಹಶಿಮೊಟೊ ಎಂಬ ಒಬ್ಬ ತಂತ್ರಜ್ಞರಿದ್ದರು. ‘ಗ್ರೇಡಿಯಸ್’ ಎಂಬ ಆಟವನ್ನು ಅವರು ಮನೆಯ ಪೆಟ್ಟಿಗೆಗೆ ಇಳಿಸುತ್ತಿದ್ದರು. ಅದು ಹೊರಬಂದದ್ದು 1986ರಲ್ಲಿ. ಮಾಡಿದ ಆಟವನ್ನು ಆಡಿ ಪರೀಕ್ಷಿಸಬೇಕಲ್ಲ! ಅವರಿಗೆ ಅದು ಬಹಳ ಕಷ್ಟವೆನಿಸಿತು. ಹಾಗಾಗಿ ತಮಗೆ ನೆನಪಿನಲ್ಲಿ ಉಳಿಯುವಂಥ ಒಂದು ಗುಂಡಿಗಳ ಸಾಲನ್ನು ಇಟ್ಟುಕೊಂಡರು. ಅದನ್ನು ಒತ್ತಿದರೆ ಎಲ್ಲ ಶಕ್ತಿಯೂ ಒಮ್ಮೆಲೇ ಕೈಗೆ ಬರಬೇಕು. ಕೆಲಸ ಮುಗಿದ ಮೇಲೆ ಅದು ಒಳಗೇ ಉಳಿದುಹೋಯಿತು. ಮುಂದೆ ಕಾಂಟ್ರಾದಲ್ಲಿ ಅದೇ ಸೂತ್ರ ಮೂವತ್ತು ಜೀವ ಕೊಟ್ಟಿತು. ಮಾಡಿದವನಿಗೇ ಕಷ್ಟವಾಗಿದ್ದರಿಂದ ನಮಗೆ ಸುಲಭವಾಯಿತು.

ಅಮೆರಿಕದಲ್ಲಿ 1988ರಿಂದ ‘ನಿಂಟೆಂಡೊ ಪವರ್’ ಎಂಬ ಪತ್ರಿಕೆಯೇ ಇತ್ತು, ಇಂಥ ಗುಟ್ಟುಗಳನ್ನು ಅಚ್ಚು ಹಾಕಿ ಕೊಡುತ್ತಿತ್ತು. ಹಾವೇರಿಗೆ ಯಾವ ಪತ್ರಿಕೆ ಬರುತ್ತಿತ್ತು? ನನ್ನ ಗೆಳೆಯನಿಗೆ ಹೇಳಿದ್ದು ಹುಬ್ಬಳ್ಳಿಯಲ್ಲಿದ್ದ ಅವನ ಸೋದರಮಾವನ ಮಗ. ಆ ಹುಡುಗನಿಗೆ ಹೇಳಿದ್ದು ಮುಂಬಯಿಯಿಂದ ಬಂದಿದ್ದ ಯಾರೋ. ಅದರ ಹಿಂದೆ ಯಾರೋ. ಲಾವಣಿ, ಡೊಳ್ಳಿನ ಪದ, ಹಂತಿ ಪದ ಹೇಗೆ ಬಾಯಿಂದ ಬಾಯಿಗೆ ಬಂದವೋ ಹಾಗೆಯೇ ಇದೂ ಬಂತು. ಬರುವ ದಾರಿಯಲ್ಲಿ ಎಲ್ಲೋ ಕನ್ನಡವಾಯಿತು, ಪ್ರಾಸ ಹಿಡಿಯಿತು, ಬಿ.ಎ. ಪಾಸಾಯಿತು.

ಕಾಂಟ್ರಾದ ಮೂರನೆಯ ಘಟ್ಟ ಒಂದು ಜಲಪಾತ. ಅಲ್ಲಿ ಮುಂದೆ ಓಡುವುದಿಲ್ಲ, ಬಂಡೆಯಿಂದ ಬಂಡೆಗೆ ಮೇಲೆ ಜಿಗಿಯಬೇಕು. ಒಬ್ಬನು ಮೇಲೇರಿದಂತೆ ಪರದೆಯೂ ಮೇಲೇರುತ್ತದೆ. ಕೆಳಗೆ ಉಳಿದವನು ಗುಂಡು ತಾಗದೆಯೇ ಸಾಯುತ್ತಾನೆ. ನಾನು ಅವಸರದವನು. “ನಿಂದ್ರೋ, ನಾ ಇನ್ನೂ ಕೆಳಗ ಅದೀನಿ” ಎಂದು ಅವನು ಕೂಗುತ್ತಿದ್ದ. ಆಟದಲ್ಲಿ ಒಬ್ಬನದು ನೀಲಿ ಚೊಣ್ಣ, ಇನ್ನೊಬ್ಬನದು ಕೆಂಪು. ನಮ್ಮ ಕಪ್ಪು ಬಿಳುಪಿನ ಟೀವಿಯಲ್ಲಿ ಇಬ್ಬರೂ ಬೂದಿ ಬಣ್ಣ. ಎಷ್ಟೋ ಸಲ ಕೆಳಗೆ ಬಿದ್ದು ಸತ್ತವನು ನಾನೇ ಎಂದು ಹಲುಬುತ್ತಿದ್ದೆ. ಸತ್ತವನು ಅವನಾಗಿರುತ್ತಿದ್ದ.

ಮೂವತ್ತು ಜೀವ ಬಂದ ಮೇಲೆ ಹತ್ತು ನಿಮಿಷ ಎಲ್ಲಿ ಸಾಲುತ್ತದೆ? ನನ್ನ ಬಳಿ ರೊಕ್ಕವಿರಲಿಲ್ಲ. “ಕೊಡುವಿಯಂತೆ ಬಿಡು” ಎಂದು ಅವನು ಆಡಲು ಬಿಡುತ್ತಿದ್ದ. ಉದ್ರಿ ಬರೆಯಲು ಮಾಲೀಕರ ಅಪ್ಪಣೆ ಇರಲಿಲ್ಲ. ಹಾಗಾಗಿ ನಾನು ಪುಕ್ಕಟೆ ಆಡಿದ ಹೊತ್ತನ್ನು ಅವನು ನೋಟುಬುಕ್ಕಿನಲ್ಲಿ ‘ಕರೆಂಟ ಇರಲಿಲ್ಲ’ ಎಂದು ಬರೆಯುತ್ತಿದ್ದ. ಆಗ ಕರೆಂಟು ಹೋಗುವುದು ದಿನನಿತ್ಯದ ಮಾತು, ಯಾರೂ ಸಂಶಯ ಪಡುವಂತಿರಲಿಲ್ಲ. ದೀಪಾವಳಿಯ ಹೊತ್ತಿಗೆ ನನ್ನ ಬಾಕಿ 11 ರೂಪಾಯಿ. ಆ ಲೆಕ್ಕ ಅವನ ತಲೆಯಲ್ಲಿತ್ತು, ನನ್ನ ತಲೆಯಲ್ಲಿತ್ತು. ಕಾಗದದ ಮೇಲೆ ಕತ್ತಲೆ ಇತ್ತು.

ಸಿಕ್ಕಿಬಿದ್ದದ್ದು ಗಿರಣಿಯಿಂದ. ಮಾಲೀಕರು ಒಂದು ದಿನ ಗಿರಣಿಯವರ ಜೊತೆ ಚಹಾ ಕುಡಿಯುತ್ತ, “ಈ ಸಲ ಕರೆಂಟಿನ ಕಾಟ ಬಹಳ ಆತು, ನಿನ್ನಿ ನಾಕು ಗಂಟೆಗೂ ಇರಲಿಲ್ಲಂತ” ಎಂದರು. “ನಿನ್ನಿ ನಾಕಕ್ಕ? ನಾನು ಎರಡು ಮಣ ಜ್ವಾಳ ಬೀಸೇನಿ” ಎಂದು ಗಿರಣಿಯವರು ಹೇಳಿದರು. ಅಷ್ಟೇ.

ನಾನು ಸಾಲಿಯಿಂದ ಬರುವಾಗ ಓಣಿಯಲ್ಲಿ ನಾಲ್ಕು ಜನ ಸೇರಿದ್ದರು. ಪರದೆ ಸರಿದಿತ್ತು. ಮಾಲೀಕರ ಕೈಯಲ್ಲಿ ನೋಟುಬುಕ್ಕು. “ಯಾರಿಗೆ ಆಡಾಕ ಕೊಟ್ಟಿ, ಹೇಳು” ಎಂದು ಕೇಳುತ್ತಿದ್ದರು. ಅವನು ತಲೆ ತಗ್ಗಿಸಿ ನಿಂತಿದ್ದ. ಒಮ್ಮೆ ತಲೆ ಎತ್ತಿದಾಗ ನನ್ನನ್ನು ಕಂಡ. ಕಂಡ ಮೇಲೆ ಹೇಳಿದ: “ನಾನ ಆಡೇನ್ರಿ.” ಒಂದು ಏಟು ಬಿತ್ತು. ನನ್ನ ಕಿಸೆಯಲ್ಲಿ ಅಂದು 5 ರೂಪಾಯಿ ಇತ್ತು. ಪಟ್ಟಿ ಪುಸ್ತಕ ಕೊಳ್ಳಲು ಅಪ್ಪ ಕೊಟ್ಟದ್ದು. ಒಂದು ಹೆಜ್ಜೆ ಮುಂದೆ ಇಟ್ಟು, ಇಲ್ಲರೀ, ಅವ ಅಲ್ಲ ಎನ್ನುವುದಕ್ಕೆ ರೊಕ್ಕವೂ ಬೇಕಿರಲಿಲ್ಲ. ಅಪ್ಪನಿಗೆ ತಿಳಿಯುತ್ತದೆ ಎಂಬ ಒಂದೇ ಹೆದರಿಕೆ. ನಾನು ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ಏನೋ ಕೆಲಸವಿದ್ದವನಂತೆ ನಡೆದುಬಿಟ್ಟೆ.

ಅವನನ್ನು ಕೆಲಸದಿಂದ ತೆಗೆದರು. ಹದಿನೈದು ದಿನದ ಮೇಲೆ ಅವನ ಕಾಕಾನ ಜೊತೆ ಗೋವೆಗೆ ಹೋದನೆಂದು ಕೇಳಿದೆ, ಯಾವುದೋ ಹೋಟೆಲಿಗೆ. ಮುಂದಿನ ಜೂನಿನಲ್ಲಿ ಸಮವಸ್ತ್ರ ಹೊಲಿಸಲು ಅಪ್ಪ ನನ್ನನ್ನು ಆ ದರ್ಜಿಯ ಅಂಗಡಿಗೇ ಕರೆದುಕೊಂಡು ಹೋದರು. ಅವರು ನನ್ನ ಭುಜಕ್ಕೆ ಟೇಪು ಹಿಡಿದು, “ಹೋದ ವರ್ಷಕ್ಕಿಂತ ಎರಡು ಇಂಚು ಹೆಚ್ಚಾಗೀಯಪಾ” ಎಂದರು. ಮಗ ಹೇಗಿದ್ದಾನೆ ಎಂದು ಕೇಳಲು ನನ್ನಿಂದ ಆಗಲಿಲ್ಲ.

ನಾನು ಧಾರವಾಡಕ್ಕೆ ಹೋಗಿ ಬಿ.ಎ. ಓದಿದೆ. ಸೆಲೆಕ್ಟ್ ಆದೆ. ಇತಿಹಾಸದ ಮೇಷ್ಟ್ರಾಗಿ ಸ್ಟಾರ್ಟ್ ಆದೆ. ಅವನು ಹಾಡಿದ ಕ್ರಮದಲ್ಲಿಯೇ ಎಲ್ಲ ನಡೆಯಿತು. ಶಾಸನಗಳನ್ನು ಪಾಠ ಮಾಡುವಾಗ, ದಾನ ಕೊಟ್ಟ ಅರಸನ ಹೆಸರಿನ ಜೊತೆಗೆ ಕೆಲವೆಡೆ ಕಲ್ಲು ಕೊರೆದ ರೂವಾರಿಯ ಹೆಸರೂ ಇರುತ್ತದೆ, ಅದನ್ನೂ ಓದಿರಿ ಎಂದು ಹುಡುಗರಿಗೆ ಹೇಳುತ್ತೇನೆ. ಹೇಳುವಾಗಲೆಲ್ಲ ಹಸಿರು ಪರದೆಯ ಖೋಲಿ ಕಣ್ಣ ಮುಂದೆ ಬರುತ್ತದೆ. 2020ರ ಫೆಬ್ರವರಿಯಲ್ಲಿ ಹಶಿಮೊಟೊ ತಮ್ಮ 61ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜಗತ್ತಿನ ಎಲ್ಲ ಕಡೆಯಿಂದ ಅವರ ಸೂತ್ರವನ್ನು ಬರೆದು ಜನ ನಮಸ್ಕಾರ ಹೇಳಿದರು. ನ್ಯಾಯವಾದದ್ದೇ. ಆದರೆ ಆ ಸೂತ್ರ ಜಪಾನಿನಿಂದ ಹಾವೇರಿಯ ಗಿರಣಿಯ ಪಕ್ಕದ ಖೋಲಿಗೆ ತಾನಾಗಿ ನಡೆದು ಬರಲಿಲ್ಲ. ಹೊತ್ತು ತಂದವರು ಇದ್ದರು. ವಿಡಿಯೋ ಗೇಮಿನ ಇತಿಹಾಸವನ್ನು ಬರೆದ ದಪ್ಪ ಪುಸ್ತಕಗಳಲ್ಲಿ ಕ್ಯೋಟೊ ಇದೆ, ನ್ಯೂಯಾರ್ಕ್ ಇದೆ. ಎಂಟಾಣೆಗೆ ಹತ್ತು ನಿಮಿಷ ಆಡಿಸಿದ ಖೋಲಿಗಳಿಲ್ಲ, ಗಡಿಯಾರ ನೋಡುತ್ತ ಕೂತ ಹುಡುಗರಿಲ್ಲ. ನಮ್ಮಂಥ ಊರುಗಳಿಗೆ ಆ ಆಟಗಳನ್ನು ಮುಟ್ಟಿಸಿದ್ದು ನಕಲಿ ಪೆಟ್ಟಿಗೆಗಳು ಮತ್ತು ಅಂಥ ಹುಡುಗರು.

ಈಗ ನನ್ನ ಮಗ ಮೊಬೈಲಿನಲ್ಲಿ ಆಡುತ್ತಾನೆ. ಅವನ ಆಟದಲ್ಲಿ ಜೀವ ಮುಗಿದರೆ ಕಾಯಬೇಕು, ಇಲ್ಲವೇ ರೊಕ್ಕ ಕೊಟ್ಟು ಕೊಳ್ಳಬೇಕು. ಮೊನ್ನೆ ಜೀವ ಮುಗಿದು ಮುಖ ಊದಿಸಿಕೊಂಡು ಕೂತಿದ್ದ. ನಾನು ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತ, “ಮ್ಯಾಲ ಮ್ಯಾಲ, ಕೆಳಗ ಕೆಳಗ” ಎಂದು ಹಾಡಿದೆ. ಮೂವತ್ತು ವರ್ಷ ದಾಟಿದ್ದರೂ ಬೆರಳುಗಳು ತಪ್ಪಲಿಲ್ಲ. ಬಿ.ಎ. ಬಂದಾಗ ಅವನು ನಕ್ಕ. ಪುಕ್ಕಟೆ ಮೂವತ್ತು ಜೀವ ಎಂದರೆ ಅವನು ನಂಬಲಿಲ್ಲ. “ನಿಮಗೆ ಯಾರು ಹೇಳಿಕೊಟ್ಟರು?” ಎಂದು ಕೇಳಿದ.

ಹಶಿಮೊಟೊ ಎಂದು ಹೇಳಹೊರಟು ನಿಲ್ಲಿಸಿದೆ. ದರ್ಜಿಯ ಮಗನ ಹೆಸರು ಹೇಳಿದೆ. ಆ ಓಣಿಯಿಂದ ತಿರುಗಿ ನಡೆದ ಮೇಲೆ ಆ ಹೆಸರನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ. ಇಲ್ಲಿ ಬರೆಯುತ್ತಿಲ್ಲ. ಬರೆಯುವುದಕ್ಕೆ ಅವನ ಅಪ್ಪಣೆ ಬೇಕು. ಅಪ್ಪಣೆ ಕೇಳಬೇಕಾದರೆ ಮೊದಲು 11 ರೂಪಾಯಿ ಕೊಡಬೇಕು.